ಪಂಚಮಿಯ ಪಾಲು

ಹೊಸಪೇಟೆಯ ಜನಕ್ಕೆ ತಿರುಮಲಾಚಾರ್ಯರ ಮೇಲೆ ಭಕ್ತಿಯೇನೋ ಇತ್ತು, ಆದರೆ ಪೇಟೆಯಲ್ಲಿ ಅವರು ಎದುರಿಗೆ ಬರುವುದು ಕಂಡರೆ ಅರ್ಧ ಜನ ಪಕ್ಕದ ಓಣಿಗೆ ಹೊರಳಿಬಿಡುತ್ತಿದ್ದರು. ಊರಿನಲ್ಲಿ ಯಾರ ಅಪ್ಪ ಯಾವ ತಿಥಿಗೆ ತೀರಿಕೊಂಡ, ಯಾರ ಅಜ್ಜಿಯ ಶ್ರಾದ್ಧ ಯಾವ ಪಕ್ಷದಲ್ಲಿ ಬರುತ್ತದೆ ಎಂಬುದೆಲ್ಲ ಆ ಪುರೋಹಿತರ ತಲೆಯಲ್ಲಿತ್ತು. ಒಂದು ಚೀಟಿಯಲ್ಲೂ ಬರೆದಿಟ್ಟವರಲ್ಲ. "ಏನೋ ಪ್ರಭಂಜನ, ನಾಡಿದ್ದು ನಿಮ್ಮಪ್ಪ ಬರ್ತಾನ. ಬಾಳೀಕಾಯಿ ತಂದಿಟ್ಟೀಯೋ ಇಲ್ಲೋ?" ಎಂದು ಸಂತೆಯ ನಡುವೆ ನಿಂತು ಕೂಗುವರು. ಮರೆತು ಕೂತಿದ್ದ ಮಗ ಎಲ್ಲರ ಮುಂದೆ ನೆಲ ನೋಡಬೇಕು. ಸತ್ತವರೇ ಆಚಾರ್ಯರ ಕೈಯಿಂದ ತಪ್ಪಿಸಿಕೊಳ್ಳಲಾರರು, ಇನ್ನು ಇದ್ದವರ ಪಾಡೇನು ಎಂದು ಊರವರು ನಗುತ್ತಿದ್ದರು.

ನಕ್ಕವರೇ ಮನೆಯಲ್ಲಿ ಸಾವಾದಾಗ ಮೊದಲು ಹೇಳಿಕಳಿಸುತ್ತಿದ್ದದ್ದೂ ಅವರಿಗೇ. ಬಂದವರು ಶಾಸ್ತ್ರದ ಮಾತು ತೆಗೆಯುತ್ತಿರಲಿಲ್ಲ. ಹುಟ್ಟಿದವರೆಲ್ಲ ಸಾಯುತ್ತಾರೆ ಎಂಬಂಥ, ಎಲ್ಲರಿಗೂ ಗೊತ್ತಿರುವ ಮತ್ತು ಯಾರಿಗೂ ಬೇಡದ ಮಾತನ್ನೂ ಆಡುತ್ತಿರಲಿಲ್ಲ. ಜಗುಲಿಯ ತುದಿಯಲ್ಲಿ ಕೂತು, ಬಹಳ ಹೊತ್ತಿನ ಮೇಲೆ, "ಅವ್ರಿಗೆ ಉಣ್ಣಾಕ ಏನು ಇಷ್ಟ ಇತ್ತು?" ಎಂದು ಕೇಳುತ್ತಿದ್ದರು. ಕಲ್ಲಾಗಿ ಕೂತ ಮನೆ ಆಗ ಬಾಯಿ ತೆರೆಯುತ್ತಿತ್ತು. ಒಬ್ಬಳು ಹೋಳಿಗೆ ಎನ್ನುವಳು, ಇನ್ನೊಬ್ಬ ಅಲ್ಲ, ಸಜ್ಜೆ ರೊಟ್ಟಿ ಮೇಲೆ ಬೆಣ್ಣೆ ಎನ್ನುವನು. ಇಬ್ಬರಿಗೂ ಜಗಳ ಹತ್ತಿ, ಆ ಜಗಳದ ನಡುವೆ ಕಟ್ಟಿಕೊಂಡಿದ್ದ ಅಳು ಒಡೆದು ಬರುತ್ತಿತ್ತು. ಅದಾದ ಮೇಲೆ ಆಚಾರ್ಯರು ಎದ್ದು ಮುಂದಿನ ಕೆಲಸ ನೋಡುವರು.

ಅಂಥವರು ತೀರಿಕೊಂಡು ವರ್ಷ ಕಳೆದಿತ್ತು. ಈಗ ಆ ಜಾಗಕ್ಕೆ ಮಗ ವೆಂಕೋಬ ಬಂದಿದ್ದ. ಮಠದ ಪಾಠಶಾಲೆಯಲ್ಲಿ ಓದಿ ಬಂದ ಹುಡುಗ, ಇನ್ನೂ ಇಪ್ಪತ್ತನಾಲ್ಕರ ಪ್ರಾಯ, ಪಂಚಾಂಗ ನೋಡದೆ ಬಾಯಿ ತೆರೆಯುವವನಲ್ಲ. ಮಂತ್ರ ಸ್ಪಷ್ಟ, ಹೊತ್ತು ತಪ್ಪುತ್ತಿರಲಿಲ್ಲ, ದಕ್ಷಿಣೆಗೆ ಕೈ ಒಡ್ಡಿದವನಲ್ಲ. ಆದರೂ ಸಾವಿನ ಮನೆಯವರು ಅವನ ಎದುರಿಗೆ ಹಾಗೇ ಕಲ್ಲಾಗಿ ಕೂತಿರುತ್ತಿದ್ದರು. ಅವನು ಏನನ್ನೂ ಕೇಳುತ್ತಿರಲಿಲ್ಲ, ಅವರೂ ಏನನ್ನೂ ಹೇಳುತ್ತಿರಲಿಲ್ಲ. "ಮಗ ಭಾಳ ಓದ್ಯಾನ್ರಿ" ಎಂದು ಜನ ಹೊಗಳುತ್ತಿದ್ದರು. ಆ ಹೊಗಳಿಕೆಯಲ್ಲಿ ಏನೋ ಒಂದು ಕಡಿಮೆ ಇದೆ ಎಂಬುದು ವೆಂಕೋಬನಿಗೆ ತಿಳಿಯುತ್ತಿತ್ತು, ಏನು ಎಂಬುದು ತಿಳಿಯುತ್ತಿರಲಿಲ್ಲ.

ಅಪ್ಪನ ಮೇಲೆ ಅವನಿಗೆ ಗೌರವ ಇತ್ತು. ಒಂದು ಸಿಟ್ಟೂ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಜರ್ಮನ್ ಯುದ್ಧ ಮುಗಿಯಲು ಬಂದ ವರ್ಷ, ದಸರೆ ಆದ ಮೇಲೆ, ಊರೂರನ್ನೇ ಗುಡಿಸಿ ಹಾಕಿದ ಆ ದೊಡ್ಡ ಜ್ವರದಲ್ಲಿ ಅವನ ಅವ್ವ ಯಮುನಾಬಾಯಿ ಹೋಗಿದ್ದಳು. ಆಶ್ವೀಜ ಬಹುಳ ಪಂಚಮಿ. ವೆಂಕೋಬ ಆಗ ಇನ್ನೂ ಅಕ್ಷರ ತಿದ್ದುವ ಕೂಸು. ಅವ್ವ ಎಂದರೆ ಅವನಿಗೆ ಉಳಿದದ್ದು ಬಳೆಯ ಸದ್ದು ಮತ್ತು ನೆತ್ತಿಗೆ ಎಣ್ಣೆ ಒತ್ತುವ ಒಂದು ಅಂಗೈ, ಅಷ್ಟೇ. ಪ್ರತಿ ವರ್ಷ ಆ ದಿನ ಅಪ್ಪ ಶ್ರಾದ್ಧ ಮಾಡುತ್ತಿದ್ದರು. ಬ್ರಾಹ್ಮಣರು ಉಂಡು ಎದ್ದ ಮೇಲೆ ತಾವೂ ಎರಡು ತುತ್ತು ಉಂಡು, ಕೈ ಒಣಗುವ ಮೊದಲೇ ಹೆಗಲಿಗೆ ಪಂಚೆ ಹಾಕಿಕೊಂಡು, ಹಂಪಿಯ ಕಡೆ ಹೊರಟ ಗಾಡಿ ಹತ್ತಿಬಿಡುತ್ತಿದ್ದರು. ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಒಂದು ಚೀಲ ಅಕ್ಕಿ, ಬೇಳೆ, ಕುಂಬಳಕಾಯಿ ಹೊತ್ತು ಬರುತ್ತಿದ್ದರು. ಅವ್ವನ ದಿನ ಅಪ್ಪ ಮನೆಯಲ್ಲಿರಲಿ, ಅವಳ ಬಗ್ಗೆ ಒಂದು ಮಾತು ಆಡಲಿ ಎಂದು ಕಾದು ಕಾದು ಹುಡುಗ ಕಂಬಕ್ಕೆ ಒರಗಿ ನಿದ್ದೆ ಹೋಗುತ್ತಿದ್ದ.

ಪಾಠಶಾಲೆಗೆ ಹೋದ ಮೇಲೆ ಈ ಸಿಟ್ಟಿಗೆ ಶಾಸ್ತ್ರದ ಬಲವೂ ಬಂತು. ಶ್ರಾದ್ಧ ಮಾಡಿದವನು ಆ ದಿನ ದೂರ ಪ್ರಯಾಣ ಮಾಡಬಾರದು, ಯಾರಿಂದಲೂ ದಾನ ಹಿಡಿಯಬಾರದು, ಎರಡನೆಯ ಸಲ ಉಣ್ಣಬಾರದು. ಅಪ್ಪ ಇದರಲ್ಲಿ ಮೊದಲ ಎರಡನ್ನು ವರ್ಷಾ ವರ್ಷಾ ಮುರಿಯುತ್ತಿದ್ದರು. ಎಲ್ಲರ ತಿಥಿ ಕಾಯುವ ಮನುಷ್ಯನಿಗೆ ತನ್ನ ಹೆಂಡತಿಯ ತಿಥಿ ಬೇಡವಾಯಿತೇ? ಒಂದು ಚೀಲ ಅಕ್ಕಿಗಾಗಿಯೇ? ಅಪ್ಪನ ಮುಖಕ್ಕೆ ಇದನ್ನು ಕೇಳುವ ಧೈರ್ಯ ಅವನಿಗೆ ಕೊನೆಯವರೆಗೂ ಬರಲಿಲ್ಲ. ಅಪ್ಪ ಹೋದರು, ಪ್ರಶ್ನೆ ಉಳಿಯಿತು.

ಅಪ್ಪನ ಸೂತಕದ ವರ್ಷ ಕಳೆದ ಮೇಲೆ ಬಂದ ದಸರೆ ಮುಗಿದು, ಪಂಚಮಿಗೆ ಇನ್ನು ನಾಲ್ಕಾರು ದಿನ ಇರುವಾಗ, ಒಬ್ಬ ಹೆಂಗಸು ಮನೆಯ ಮುಂದೆ ಬಂದು ನಿಂತಳು. ಬಿಸಿಲಿಗೆ ಬೆಂದ ಮೈ, ತಲೆಯ ಮೇಲೆ ಸಣ್ಣ ಅಕ್ಕಿ ಗಂಟು. ಜಗುಲಿಯ ಕೆಳಗೆ ಗಂಟು ಇಳಿಸಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಕಂಪ್ಲಿ ಹೊಳೆಮ್ಮ ನಾನು. ದೊಡ್ಡ ಆಚಾರ್ರಿಗೆ ಗೊತ್ತಿದ್ದೆ ನೋಡ್ರಿ" ಎಂದಳು. "ಹ್ವಾದ ವರ್ಷ ಪಂಚಮಿಗೆ ಹಂಪಿಗೆ ಬಂದಿದ್ವಿರಿ, ಚಕ್ರತೀರ್ಥಕ್ಕ. ಯಾರೂ ಬರ್ಲಿಲ್ಲ. ಆಚಾರ್ರ ಮಗ ಸೂತಕದ ವರ್ಷದಾಗ ಅದಾರ, ಹೊರಗ ಬರಂಗಿಲ್ಲ ಅಂದ್ರು. ನಾವಾ ಎಡಿ ಇಟ್ಟು ಕೈ ಮುಗದು ಬಂದ್ವಿ. ಈ ವರ್ಷ ನೀವು ಬರ್ತೀರೇನ್ರಿ?"

ಪಂಚಮಿ ಎಂಬ ಮಾತು ಕೇಳಿ ವೆಂಕೋಬ ಕೈಯಲ್ಲಿದ್ದ ಪಂಚಾಂಗ ಕೆಳಗಿಟ್ಟ. "ಯಾರ ದಿನ ಅವ್ವ ಅದು?"

"ನಮ್ಮ ಮನಿಯವ್ರದ್ರಿ."

"ಹೆಸರು?"

ಹೊಳೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. "ಅದನ್ನ ನಾ ಹೆಂಗ ಹೇಳ್ಲಿರಿ? ಗಂಡನ ಹೆಸ್ರು. ದೊಡ್ಡ ಆಚಾರ್ರಿಗೆ ಗೊತ್ತಿತ್ತು."

ನಿಧಾನಕ್ಕೆ ಒಂದೊಂದೇ ಕೇಳಿ ವಿಷಯ ಹೊರಗೆ ತೆಗೆದ. ಅವಳ ಗಂಡ ಸಂಡೂರು ಸೀಮೆಗೆ, ಯಶವಂತನಗರದ ಆಚೆಯ ಗುಡ್ಡಗಳಿಗೆ, ಮಣ್ಣು ಅಗೆಯುವ ಕೂಲಿಗೆ ಹೋಗಿದ್ದ. ಜ್ವರ ಬಂತು. ಕೂಲಿಯವರ ಗುಡಿಸಲುಗಳಲ್ಲಿ ಹೆಣ ಎತ್ತುವವರಿರಲಿಲ್ಲ. ಒಂದೇ ಗುಂಡಿ ತೋಡಿ ಎಲ್ಲರನ್ನೂ ಅದರಲ್ಲೇ ಹಾಕಿದರು. ದೀಪಾವಳಿಯ ಹೊತ್ತಿಗೆ ಯಾರೋ ಅವನ ಕಂಬಳಿ ತಂದು ಕೊಟ್ಟರು. ಯಾವ ದಿನ ಹೋದ ಎಂದು ಕೇಳಿದರೆ ತಂದವನಿಗೂ ಗೊತ್ತಿರಲಿಲ್ಲ.

"ಹಂಗಾದ್ರ ಪಂಚಮಿ ಅಂತ ಯಾರು ಹೇಳಿದ್ರು?"

"ದೊಡ್ಡ ಆಚಾರ್ರಾ ಹೇಳಿದ್ರು. ಇದಾ ಜಗಲಿ ಮ್ಯಾಗ ಕುಂತು, ಕಣ್ಣು ಮುಚ್ಚಿ ಬೆರಳು ಎಣಿಸಿ, ನಿನ್ನ ಗಂಡ ಹೋಗಿದ್ದು ಪಂಚಮಿ ದಿನ ಹೊಳೆಮ್ಮ ಅಂದ್ರು."

ವೆಂಕೋಬನಿಗೆ ಮೈ ಬಿಸಿಯಾಯಿತು. ಸಂಡೂರಿನ ಗುಡ್ಡದಲ್ಲಿ ಯಾರೋ ಸತ್ತ ದಿನ ಹೊಸಪೇಟೆಯ ಜಗುಲಿಯ ಮೇಲೆ ಬೆರಳು ಎಣಿಸಿದರೆ ಹೇಗೆ ತಿಳಿಯುತ್ತದೆ? ಅದೂ ಸರಿಯಾಗಿ ಅವ್ವನ ದಿನವೇ? ಹಂಪಿ ಕಡೆಯ ಗಿರಾಕಿಗಳನ್ನೆಲ್ಲ ಒಂದೇ ದಿನಕ್ಕೆ ಹಾಕಿಕೊಂಡರೆ ಒಂದೇ ಗಾಡಿಗೆ ಹೋಗಿ ಬರಬಹುದು ಎಂಬ ಅನುಕೂಲ. ಇಷ್ಟು ವರ್ಷ ಮನಸ್ಸಿನ ಮೂಲೆಯಲ್ಲಿದ್ದ ಅನುಮಾನಕ್ಕೆ ಸಾಕ್ಷಿ ತಾನಾಗಿ ಬಾಗಿಲಿಗೆ ಬಂದಂತಾಯಿತು. ಅಪ್ಪನ ಮೇಲಿನ ಸಿಟ್ಟು, ಪಾಪ, ಎದುರಿಗಿದ್ದವಳ ಮೇಲೆ ಬಿತ್ತು.

"ನೋಡವ್ವ" ಎಂದ, ಪಾಠ ಒಪ್ಪಿಸುವ ದನಿಯಲ್ಲಿ. "ಪಂಚಮಿಗೆ ಆಧಾರ ಇಲ್ಲ. ಸತ್ತ ದಿನ ಗೊತ್ತಿಲ್ಲ ಅಂದ್ರ ಆ ತಿಂಗಳ ಅಮಾವಾಸ್ಯೆಗೆ ಮಾಡಬೇಕು ಅಂತ ಶಾಸ್ತ್ರ ಅದ. ಈ ವರ್ಷದಿಂದ ಅಮಾವಾಸ್ಯೆಗೆ ಮಾಡು."

"ಪಂಚಮಿ ಅವ್ರ ದಿನ ಅಲ್ಲೇನ್ರಿ?"

"ಅಲ್ಲ."

ಅವಳು ಕೇಳಿದ್ದು ಒಂದೇ ಮಾತು. "ಅಂದ್ರ ಇಷ್ಟು ವರ್ಷ ನಾ ಇಟ್ಟ ಎಡಿ ಯಾರಿಗೆ ಮುಟ್ಟಿತ್ರಿ?"

ವೆಂಕೋಬ ಓದಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹೊಳೆಮ್ಮ ಗಂಟನ್ನು ಎತ್ತಿಕೊಳ್ಳಲು ಬಗ್ಗಿದಳು, ಮತ್ತೆ ಏನು ಅನ್ನಿಸಿತೋ, ಅಲ್ಲೇ ಬಿಟ್ಟು ಬರಿಗೈಯಲ್ಲಿ ಓಣಿ ದಾಟಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವೆಂಕೋಬ ಎರಡನ್ನೂ ಒಂದೇ ಏಟಿಗೆ ಮಾಡಿ ಕೂತಿದ್ದ.

ಒಳಗಿನಿಂದ ಗೋದಾಬಾಯಿ ಬಂದಳು. ತಿರುಮಲಾಚಾರ್ಯರ ತಂಗಿ, ಎಳವೆಯಲ್ಲೇ ವಿಧವೆಯಾಗಿ ಅಣ್ಣನ ಮನೆ ಸೇರಿದವಳು, ತಾಯಿಯಿಲ್ಲದ ವೆಂಕೋಬನನ್ನು ಸಾಕಿದವಳು. ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದದ್ದರಿಂದ ಮನೆಯಲ್ಲಿ ಈಗ ಇವರಿಬ್ಬರೇ. ಗೋದತ್ತೆಗೆ ಕಿವಿ ಮಂದ ಎಂದು ಊರೆಲ್ಲ ನಂಬಿತ್ತು. ಬೇಕಾದದ್ದು ಕೇಳುವುದಕ್ಕೆ ಅದು ಯಾವತ್ತೂ ಅಡ್ಡ ಬಂದಿರಲಿಲ್ಲ.

"ಶಾಸ್ತ್ರ ಹೇಳಿದಿ?" ಎಂದಳು.

"ಮತ್ತೇನು ಸುಳ್ಳು ಹೇಳ್ಬೇಕಿತ್ತೇನು, ಅಪ್ಪನಂಗ?"

ಆ ಮಾತಿಗೆ ಅತ್ತೆ ಬೈಯಬಹುದು ಎಂದುಕೊಂಡಿದ್ದ. ಅವಳು ಬೈಯಲಿಲ್ಲ, ಹೊಸ್ತಿಲ ಮೇಲೆ ಕೂತಳು.

"ಹೌದು, ಸುಳ್ಳೇ ಹೇಳ್ದ ನಮ್ಮಣ್ಣ. ಮೊದಲು ಅಂವನೂ ನಿನ್ನಂಗ ಶಾಸ್ತ್ರಾನೇ ಹೇಳಿದ್ದ. ಆ ಜ್ವರ ಇಳಿದ ಮ್ಯಾಲೆ ಕಂಪ್ಲಿ, ಸಂಡೂರು, ಕಮಲಾಪುರ, ಎಲ್ಲಾ ಕಡಿಂದ ಜನ ಬರೋದು. ನನ್ನ ಗಂಡ ಎಂದು ಹೋದ, ನನ್ನ ಮಗ ಎಂದು ಹೋದ, ದಿನ ಹೇಳ್ರಿ ಅಂತ. ಅಮಾಸಿಗೆ ಮಾಡ್ರಿ ಅಂತಿದ್ದ ಇಂವ. ಒಬ್ಬಾಕಿ, ಇದೇ ಹೊಳೆಮ್ಮನೋ ಮತ್ತೊಬ್ಬಾಕಿನೋ ನನಗ ನೆನಪಿಲ್ಲ, ಏನಂದ್ಲು ಗೊತ್ತೇನು? ಮಣ್ಣಿಗೂ ಗುಂಪಿನಾಗ ಹಾಕ್ಯಾರ್ರಿ, ಅಮಾಸಿಗೂ ಗುಂಪಿನಾಗಾ ಏನ್ರಿ, ನನ್ನ ಗಂಡಗ ತನ್ನದು ಅಂತ ಒಂದು ದಿನ ಬ್ಯಾಡೇನ್ರಿ ಅಂದ್ಲು."

ವೆಂಕೋಬ ಹೊಳೆಮ್ಮ ಬಿಟ್ಟುಹೋದ ಗಂಟನ್ನು ಎತ್ತಿ ಜಗುಲಿಯ ಮೇಲಿಟ್ಟು ಕೂತ.

"ಅವತ್ತು ಅಣ್ಣ ಉಣ್ಣಲಿಲ್ಲ. ನಿಮ್ಮವ್ವ ಹೋಗಿ ಇನ್ನೂ ತಿಂಗಳು ತುಂಬಿದ್ದಿಲ್ಲ. ಆಕೀಗೂ ಹೆಗಲು ಕೊಡೋರು ಸಿಗದ, ಇಂವ ಒಬ್ಬನೇ ಬಂಡಿ ಮ್ಯಾಲೆ ಹಾಕ್ಕೊಂಡು ಹೋಗಿ ಬಂದಿದ್ದ. ಅಡಿಗಿ ಮನಿ ಬಾಗಿಲಿಗೆ ಬಂದು ನಿಂತು ಕೇಳ್ದ. ಗೋದಾ, ಯಮುನಾಗ ಒಂದು ದಿನ ಅದ, ಇವರಿಗೆ ಅದೂ ಇಲ್ಲ. ಆಕಿ ದಿನ ಹಂಚಿದ್ರ ಆಕೀಗೆ ಕಡಿಮಿ ಆಗ್ತದೇನು ಅಂತ. ನಾನಂದೆ, ಊಟದ ಹೊತ್ತಿಗೆ ಬಾಗಿಲಿಗೆ ಬಂದವರನ್ನ ಬಿಟ್ಟು ಯಮುನಾ ವೈನಿ ಎಂದೂ ಉಂಡಾಕಿ ಅಲ್ಲ, ಅಲ್ಲಿ ಹೋಗಿ ಒಬ್ಬಾಕೀನ ಉಣ್ತಾಳೇನು? ಮರುದಿನದಿಂದ ಬಂದವರಿಗೆಲ್ಲಾ ಪಂಚಮಿ ಅಂತ ಹೇಳಾಕ ಹತ್ತಿದ."

"ಶ್ರಾದ್ಧದ ದಿನ ಪ್ರಯಾಣ ಮಾಡಬಾರದು ಅಂತ ಅವರಿಗೆ ಗೊತ್ತಿದ್ದಿಲ್ಲೇನು? ದಾನ ಹಿಡೀಬಾರದು ಅಂತ?"

"ನಿನಗ ಅಕ್ಷರ ಹಾಕಿಕೊಟ್ಟಾಂವಗ ಗೊತ್ತಿದ್ದಿಲ್ಲೇನೋ? ಪಾಪ ಬಂದ್ರ ನನಗ ಬರ್ಲಿ, ಯಮುನಾಗ ಸಿಟ್ಟು ಬಂದಿದ್ರ ನಾ ಹ್ವಾದ ಮ್ಯಾಲೆ ಆಕೀನೇ ಬೈತಾಳ ಅಂತಿದ್ದ. ತಂದ ಅಕ್ಕಿ ಬ್ಯಾಡ ಅಂದ್ರ ಅವರಿಗೆ ಸಮಾಧಾನ ಆಗ್ತಿದ್ದಿಲ್ಲ, ತೊಗೋತಿದ್ದ. ಆ ಅಕ್ಕಿ ನಾವು ಉಂಡದ್ದೂ ಖರೇನ. ನೀನೂ ಉಂಡಿ. ಹೊಟ್ಟಿ ನಮಗೂ ಇತ್ತಲ್ಲ."

ಓಣಿಯಲ್ಲಿ ಒಂದು ಬಂಡಿ ಹಾದುಹೋಯಿತು. ವೆಂಕೋಬನಿಗೆ ಕೇಳದೆ ಬಿಡಲಾಗಲಿಲ್ಲ. "ನನಗ್ಯಾಕ ಹೇಳಲಿಲ್ಲ?"

ಗೋದತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಜಿದ. ಆ ಕೂಸಿಗೆ ತಾಯಿ ಅಂಬೋದು ಉಳದದ್ದೇ ಒಂದು ಹಿಡಿ, ಅದರಾಗೂ ಪಾಲು ಹಾಕಿ ಬಂದೆ ಅಂತ ಯಾವ ಬಾಯಿಲೆ ಹೇಳ್ಲಿ ಗೋದಾ ಅಂತಿದ್ದ. ಪ್ರತಿ ವರ್ಷ ಆ ಕಂಬದ ಹತ್ರ ನೀ ನಿದ್ದಿ ಹೋಗಿರ್ತಿದ್ದಿ. ಎತ್ತಿ ಹಾಸಿಗಿಗೆ ಹಾಕ್ತಿದ್ದಾಂವ ಅಂವನ."

ವೆಂಕೋಬ ಎದ್ದು ಹಿತ್ತಿಲಿಗೆ ಹೋದ. ಬಾವಿಯ ಕಟ್ಟೆಯ ಮೇಲೆ ಕೂತು, ಅಪ್ಪ ಸತ್ತಾಗಲೂ ಬಾರದಿದ್ದ ಅಳು ಅತ್ತ. ಅವನಿಗೆ ನೆನಪಾದದ್ದು ಒಂದು. ಪಂಚಮಿಯ ಬೆಳಿಗ್ಗೆ ಹೂ ಬಿಡಿಸುವಾಗ ಅಪ್ಪ ಏನೋ ಗೊಣಗುತ್ತಿದ್ದರು. ಅವನು ಅದನ್ನು ಸ್ತೋತ್ರ ಎಂದುಕೊಂಡಿದ್ದ. ಕಂಪ್ಲಿ ಗಾದಿಲಿಂಗಪ್ಪ, ಕಮಲಾಪುರದ ತಾಯಕ್ಕ... ಅವು ಹೆಸರುಗಳು.

ಮರುದಿನ ಬೆಳಿಗ್ಗೆ ಅವನು ಕಂಪ್ಲಿಯ ಮೋಟಾರು ಹತ್ತಿದ. ಊರಲ್ಲಿ ಕೇಳಿಕೊಂಡು, ಕಾಲುವೆಯ ಏರಿ ಹಿಡಿದು ನಡೆದರೆ, ಹೊಳೆಮ್ಮ ತೆನೆ ಬಿಟ್ಟ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಕವಣೆ ಬೀಸಿ ಗುಬ್ಬಿ ಓಡಿಸುತ್ತಿದ್ದಳು. ಆಚಾರ್ಯರ ಮಗ ಕೆಸರಿನಲ್ಲಿ ಕಚ್ಚೆ ಎತ್ತಿ ಬರುವುದು ಕಂಡು ಅವಳಿಗೆ ಗಾಬರಿಯಾಯಿತು. ಮತ್ತೇನು ತಪ್ಪಿತು ತನ್ನಿಂದ ಎಂಬ ಗಾಬರಿ.

ದಾರಿಯುದ್ದಕ್ಕೂ ಅವನು ಯೋಚಿಸಿದ್ದ. ಪಂಚಮಿಯೇ ಸರಿ, ಪಂಚಾಂಗದಲ್ಲಿ ಮತ್ತೊಮ್ಮೆ ನೋಡಿದೆ ಎಂದು ಹೇಳಿದರೆ ಅವಳು ನಂಬುತ್ತಿದ್ದಳು, ಮೋಟಾರು ತಪ್ಪುವ ಮೊದಲೇ ಕೆಲಸ ಮುಗಿಯುತ್ತಿತ್ತು. ಅಪ್ಪನ ಸುಳ್ಳನ್ನು ಅಪ್ಪನ ಹಾಗೇ ಹೇಳಲು ಅವನಿಗೆ ನಾಲಿಗೆ ಬರುವಂತಿರಲಿಲ್ಲ. ಒಮ್ಮೆ ಒಡೆದವನು ತಾನು, ಮತ್ತೆ ಹೊದಿಸಿದರೆ ಎಂದಾದರೂ ಅವಳ ಮನಸ್ಸಿನಲ್ಲಿ ಆ ಪ್ರಶ್ನೆ ಏಳದೆ ಇರುತ್ತದೆಯೇ? ಅದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಪಂಚಮಿ ನಮ್ಮವ್ವನ ದಿನ ಹೊಳೆಮ್ಮ. ನಿನ್ನ ಯಜಮಾನರ ದಿನ ಯಾವುದು ಅಂತ ಅಪ್ಪಗೂ ಗೊತ್ತಿದ್ದಿಲ್ಲ. ನಮ್ಮವ್ವನ ದಿನದಾಗ ನಿನಗ ಒಂದು ಪಾಲು ಕೊಟ್ರು."

ಹೊಳೆಮ್ಮ ಕವಣೆಗೆ ಕಲ್ಲಿಟ್ಟು ಬೀಸಿದಳು. ಗುಬ್ಬಿಗಳು ಗದ್ದೆಯ ಆ ತುದಿಗೆ ಹಾರಿ ಕೂತವು. "ಅಂದ್ರ ದೊಡ್ಡ ಆಚಾರ್ರು ನನ್ನ ಮುಂದ ಸುಳ್ಳು ಹೇಳಿದ್ರು."

"ಹೌದವ್ವ."

ಅವಳು ಮತ್ತೊಂದು ಕಲ್ಲು ಆರಿಸಿದಳು, ಬೀಸಲಿಲ್ಲ, ಕೈಯಲ್ಲೇ ಹಿಡಿದು ನಿಂತಳು.

"ನಿನ್ನೆ ನೀ ಒಂದು ಮಾತು ಕೇಳ್ದಿ" ಎಂದ ವೆಂಕೋಬ. "ಇಟ್ಟ ಎಡಿ ಯಾರಿಗೆ ಮುಟ್ಟಿತು ಅಂತ. ಶಾಸ್ತ್ರದಾಗ ಅದಕ್ಕ ಏನದನೋ ನನಗ ಗೊತ್ತಿಲ್ಲ. ನಮ್ಮವ್ವ ಬಾಗಿಲಿಗೆ ಬಂದವರನ್ನ ಬಿಟ್ಟು ಉಣ್ಣಾಕಿ ಅಲ್ಲಂತ, ನಮ್ಮತ್ತಿ ಹೇಳ್ತಾಳ. ಆಕೀಗೆ ಮುಟ್ಟಿದ್ರ ನಿನ್ನ ಗಂಡಗೂ ಮುಟ್ಟಿರ್ತದ. ನನಗ ಅಷ್ಟಾ ಗೊತ್ತು."

ಹೊಳೆಮ್ಮ ಕೈಯಲ್ಲಿದ್ದ ಕಲ್ಲನ್ನು ಕಾಲುವೆಗೆ ಎಸೆದು ಹೇಳಿದಳು: "ನನ್ನ ಬಾಯಾಗಂತೂ ಅವ್ರ ಹೆಸ್ರು ಬರಂಗಿಲ್ರಿ. ಅತ್ತಿ ಮಾವ ಹ್ವಾದ ಮ್ಯಾಗ ಮನಿಯಾಗ ಆ ಹೆಸ್ರು ಹಿಡಿದು ಕರಿಯೋರು ಯಾರೂ ಉಳೀಲಿಲ್ಲ. ವರ್ಷಕ್ಕೊಮ್ಮಿ ದೊಡ್ಡ ಆಚಾರ್ರು ನೀರಾಗ ನಿಂತು ಕರೀತಿದ್ರು. ಅಷ್ಟು ಕೇಳಾಕ ಹೋಗ್ತಿದ್ದೆ ನಾನು." ತುಸು ತಡೆದು, "ನಿಮ್ಮವ್ವಾರ ಹೆಸ್ರೇನ್ರಿ?"

"ಯಮುನಾಬಾಯಿ."

"ಆತ್ರಿ. ಹೊಂಡ್ರಿ, ಮೋಟಾರು ತಪ್ಪತೈತಿ" ಎಂದು ಅವಳು ಗುಬ್ಬಿಗಳ ಕಡೆ ತಿರುಗಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ವೆಂಕೋಬನಿಗೆ ಕೇಳುವ ಧೈರ್ಯ ಆಗಲಿಲ್ಲ.

ಪಂಚಮಿಯ ದಿನ ಅವನು ಅವ್ವನ ಶ್ರಾದ್ಧ ಮಾಡಿದ. ಬ್ರಾಹ್ಮಣರು ಉಂಡು ಎದ್ದರು. ತಾನೂ ಎಲೆಯ ಮುಂದೆ ಕೂತ. ಗೋದತ್ತೆ ಬಡಿಸಿದ್ದರಲ್ಲಿ ಹಾಗಲಕಾಯಿ ಗೊಜ್ಜನ್ನು ಎಂದಿನಂತೆ ಎಲೆಯ ಅಂಚಿಗೆ ತಳ್ಳಿ ಉಳಿದದ್ದನ್ನು ಬೇಗ ಬೇಗ ಉಂಡು ಎದ್ದ. ಹೆಗಲಿಗೆ ಪಂಚೆ ಹಾಕಿಕೊಂಡು ಹೊಸ್ತಿಲ ಹತ್ತಿರ ಬಂದವನು ಒಂದು ಕ್ಷಣ ನಿಂತ. ದೂರ ಪ್ರಯಾಣ ಮಾಡಬಾರದು ಎಂಬ ಪಾಠ ಗುರುಗಳ ದನಿಯಲ್ಲೇ ಕಿವಿಯಲ್ಲಿತ್ತು.

"ಜಟಕಾದಾಂವ ಕಾಯಾಕ ಹತ್ಯಾನ" ಎಂದಳು ಗೋದತ್ತೆ. ವೆಂಕೋಬ ಹೊಸ್ತಿಲು ದಾಟಿದ.

ಹಂಪಿಯ ಬಜಾರದ ಕಲ್ಲುಮಂಟಪಗಳನ್ನು ದಾಟಿ ಚಕ್ರತೀರ್ಥದ ಹತ್ತಿರ ಬಂದರೆ, ಹೊಳೆಯ ದಂಡೆಯ ಬಂಡೆಗಳ ನೆರಳಿನಲ್ಲಿ ಜನ ಕೂತಿದ್ದರು. ಮುದುಕರು, ಮುದುಕಿಯರು, ಸಂಡೂರಿನ ಕಡೆಯವರು, ಕಮಲಾಪುರದವರು. ಅವನನ್ನು ಕಂಡು ಎಲ್ಲರೂ ಎದ್ದು ನಿಂತರು. ಒಬ್ಬ ಮುದುಕಿ, "ನಡಿಗಿ ಥೇಟ್ ಅಪ್ಪಂದಾ" ಎಂದಳು. ಅವರಲ್ಲಿ ಹೊಳೆಮ್ಮ ಇರಲಿಲ್ಲ.

ವೆಂಕೋಬ ಮೊಣಕಾಲುದ್ದ ನೀರಿಗೆ ಇಳಿದ. ಗೋದತ್ತೆಗೆ ನೆನಪಿದ್ದ ಹೆಸರು, ತನಗೆ ನೆನಪಾದ ಹೆಸರು, ಮರೆತವನ್ನು ದಂಡೆಯ ಮೇಲಿದ್ದವರನ್ನೇ ಕೇಳಿ, ಒಂದೊಂದನ್ನೂ ಗಟ್ಟಿಯಾಗಿ ಕರೆದು ನೀರು ಬಿಟ್ಟ. ಪಂಚಮಿಯ ಗುಟ್ಟನ್ನು ಇವರಾರಿಗೂ ಅವನು ಹೇಳಲಿಲ್ಲ. ಕೇಳದವರಿಗೆ ಶಾಸ್ತ್ರ ಹೇಳುವ ಚಟ ಅವನನ್ನು ಅದೇ ವಾರ ಬಿಟ್ಟಿತ್ತು. ಉಚ್ಚೆಂಗಪ್ಪ ಎಂಬ ಸಂಡೂರಿನ ಮುದುಕ, ಅಣ್ಣನ ಹೆಸರಿಗೆ ಎಡೆ ಇಟ್ಟವನು, ಹತ್ತಿರ ಬಂದು, "ದೊಡ್ಡ ಆಚಾರ್ರ ದಿನ ಯಾವುದ್ರಿ? ನಮ್ಮೋರಿಗೆಲ್ಲಾ ದಿನ ಹುಡುಕಿ ಕೊಟ್ಟೋರು ಅವರು. ಅವರ ದಿನ ನಮಗ ಗೊತ್ತಿಲ್ಲ ಅಂದ್ರ ಹೆಂಗ?" ಎಂದು ಕೇಳಿದ.

"ಪುಷ್ಯ ಬಹುಳ ಅಷ್ಟಮಿ" ಎಂದ ವೆಂಕೋಬ. ಮುದುಕ ಅದನ್ನು ಮರೆಯದ ಹಾಗೆ ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡ. ಹಿಂದೆ ನಿಂತವರೂ ಹೇಳಿಕೊಂಡರು.

ಬಿಸಿಲು ಬಂಡೆಗಳ ಮೇಲಿನಿಂದ ಜಾರುವ ಹೊತ್ತಿಗೆ, ಮೇಲಿನ ದಾರಿಯಲ್ಲಿ ಹೊಳೆಮ್ಮ ಕಂಡಳು. ತಲೆಯ ಮೇಲೆ ಬುಟ್ಟಿ. ಇಳಿದು ಬಂದು, ಉಸಿರು ಬಿಡುತ್ತ, ನೀರಿನ ಅಂಚಿನ ಕಲ್ಲನ್ನು ತೊಳೆದು ಮುತ್ತುಗದ ಎಲೆ ಹಾಸಿದಳು. ಒಂದಲ್ಲ, ಎರಡು. ಅಪ್ಪ ಗೊಣಗುತ್ತಿದ್ದ ಹೆಸರುಗಳಲ್ಲಿ ಕಂಪ್ಲಿಯದು ಒಂದೇ, ಅದನ್ನು ಅವಳಿಗಾಗಿ ಉಳಿಸಿಕೊಂಡು ವೆಂಕೋಬ ನೀರಿನಲ್ಲೇ ನಿಂತಿದ್ದ. ಬೊಗಸೆ ತುಂಬಿ, ಎದೆಯ ತುಂಬ ಉಸಿರು ಎಳೆದುಕೊಂಡು ಕರೆದ: "ಕಂಪ್ಲಿ ಗಾದಿಲಿಂಗಪ್ಪ."

ಹೊಳೆಮ್ಮ ಕಣ್ಣು ಮುಚ್ಚಿ ಕೇಳಿದಳು. ಆಚೆ ದಂಡೆಯ ಬಂಡೆಗೆ ತಾಗಿ ಆ ಹೆಸರು ಇನ್ನೊಮ್ಮೆ ಬಂತು. ಅದನ್ನೂ ಕೇಳಿ ಮುಗಿಸಿ ಕಣ್ಣು ತೆರೆದಳು.

ಗಂಡನ ಎಲೆಗೆ ರೊಟ್ಟಿ, ಅದರ ಮೇಲೆ ಹುಚ್ಚೆಳ್ಳು ಪುಡಿ, ಒಂದು ಅಚ್ಚು ಬೆಲ್ಲ ಇಟ್ಟಳು. ಎರಡನೆಯ ಎಲೆಯ ಮುಂದೆ ಕೈ ತಡೆಯಿತು. ತಲೆಯೆತ್ತಿ ಕೇಳಿದಳು: "ಇದು ಯಮುನಾಬಾಯೇರಿಗ್ರಿ. ಅವ್ರಿಗೆ ಉಣ್ಣಾಕ ಏನು ಇಷ್ಟ ಇತ್ರಿ?"

ಅಪ್ಪ ಊರಿಗೆಲ್ಲ ಕೇಳುತ್ತಿದ್ದ ಮಾತು. ಅವನನ್ನು ಆ ಮಾತು ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಮಡಿ, ಮೈಲಿಗೆ, ಬೇರೆಯವರ ಕೈಯಡಿಗೆ, ಬೇಡ ಎನ್ನಲು ಇದ್ದ ಕಾರಣಗಳೆಲ್ಲ ಒಮ್ಮೆ ಬಾಯಿಗೆ ಬಂದವು. ಅವು ಬಂದ ಹಾಗೆ ಹೋದವು, ಏಕೆಂದರೆ ಅವುಗಳಿಗಿಂತ ದೊಡ್ಡ ಸಂಕಟ ಇನ್ನೊಂದಿತ್ತು.

"ನನಗ ಗೊತ್ತಿಲ್ಲ ಹೊಳೆಮ್ಮ" ಎಂದ. ದನಿ ಒಡೆಯಿತು. "ನನಗ ಗೊತ್ತಾ ಇಲ್ಲ."

ಹೊಳೆಮ್ಮ ಅವನನ್ನು ನೋಡಿದಳು. "ಇರ್ಲಿ ಬಿಡ್ರಿ" ಎಂದಳು ಮೆಲ್ಲಗೆ. "ಇವತ್ತು ನಮ್ಮೋರ ಜೋಡಿ ರೊಟ್ಟಿ ಉಣ್ತಾರ. ಮುಂದಿನ ವರ್ಷ ಕೇಳ್ಕೊಂಡು ಬರ್ರಿ."

ಮನೆಗೆ ಬಂದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಬಂದವರೆಲ್ಲ ಕೊಟ್ಟ ಅಕ್ಕಿ ಬೇಳೆಯ ಚೀಲವನ್ನು ವೆಂಕೋಬ ಕಂಬದ ಹತ್ತಿರ ಇಳಿಸಿದ. ಗೋದತ್ತೆ ಉಳಿದ ಅಡುಗೆಯನ್ನು ಆಕಳಿಗೆ ಹಾಕಲು ಒಂದು ಪಾತ್ರೆಗೆ ಸುರಿಯುತ್ತಿದ್ದಳು.

"ಅತ್ತಿ, ನಮ್ಮವ್ವಗ ಉಣ್ಣಾಕ ಏನು ಇಷ್ಟ ಇತ್ತು?"

ಗೋದತ್ತೆಯ ಕೈ ನಿಂತಿತು. ಇಷ್ಟು ವರ್ಷಕ್ಕೆ ಕೇಳಿದೆಯಲ್ಲ ಎಂಬಂತೆ ನೋಡಿದಳು. "ಹಾಗಲಕಾಯಿ ಗೊಜ್ಜು. ಬೆಲ್ಲ ಕಮ್ಮಿ ಹಾಕಿ, ಕಹಿ ಇರಬೇಕು ಆಕೀಗೆ. ವರ್ಷಾ ಆಕೀ ದಿನ ಅದನ್ನ ಮಾಡ್ತೀನಿ. ನೀ ವರ್ಷಾ ಎಲಿ ಅಂಚಿಗೆ ತಳ್ಳಿ ಏಳ್ತಿ. ಅಣ್ಣ ನೋಡ್ತಿದ್ದ, ಏನೂ ಅಂತಿದ್ದಿಲ್ಲ."

ವೆಂಕೋಬ ಕೈಕಾಲು ತೊಳೆದು ಬಂದು ನೆಲದ ಮೇಲೆ ಕೂತು ಅಂಗೈ ಒಡ್ಡಿದ.

"ಉಳದದ ಏನು?"

"ಏಯ್, ಶ್ರಾದ್ಧ ಮಾಡಿ ಎರಡನೇ ಸಲ ಉಣಬಾರದೋ" ಎಂದಳು ಗೋದತ್ತೆ. "ಪ್ರಯಾಣ ಮಾಡಿ ಬಂದಿ, ದಾನ ಹಿಡಿದು ಬಂದಿ. ಇನ್ನ ಇದೊಂದು ಉಳದಿತ್ತು."

"ಅಪ್ಪ ಎರಡು ಮುರಿದ್ರು. ನಂದು ಒಂದು ಹೆಚ್ಚಿಗಿ ಇರ್ಲಿ. ಹಾಕು ಅತ್ತಿ."

ಗೋದತ್ತೆ ಪಾತ್ರೆಯ ತಳದಿಂದ ಒಂದು ಹೋಳು ಹುಡುಕಿ ತೆಗೆದು ಅವನ ಅಂಗೈಗೆ ಹಾಕಿದಳು. ವೆಂಕೋಬ ಅದನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಬಹಳ ಕಹಿ ಇತ್ತು. ಪೂರ್ತಿ ತಿಂದ.